ಭಾರತಿಯ ಹಾಡಿಗೆ ಬಿಡುಗಡೆ, ನಮ್ಮ ಗ್ರಂಥಗಳಿಗೆ ಬೀಗ

ನನ್ನ ಮೊಮ್ಮಗಳು ನ್ಯೂಜೆರ್ಸಿಯಲ್ಲಿ ಬೆಳೆಯುತ್ತಿದ್ದಾಳೆ. ಮನೆಯಲ್ಲಿ ಕನ್ನಡ ಮಾತನಾಡುತ್ತಾಳೆ. ಅಕ್ಷರಗಳನ್ನು ಅವಳ ತಾಯಿ ಕಲಿಸಿದ್ದಾಳೆ. ಕಳೆದ ದಶಲಕ್ಷಣ ಪರ್ವದ ದಿನಗಳಲ್ಲಿ ಅವಳು ದೂರವಾಣಿಯಲ್ಲಿ, ‘ಅಜ್ಜಾ, ಭರತ ಬಾಹುಬಲಿ ಕಥೆ ಕನ್ನಡದಲ್ಲೇ ಓದಬೇಕು, ಪುಸ್ತಕ ಕಳಿಸ್ತೀಯಾ?’ ಎಂದು ಕೇಳಿದಳು. ರತ್ನಾಕರವರ್ಣಿಯ ‘ಭರತೇಶ ವೈಭವ’ವನ್ನು ಮಕ್ಕಳಿಗೂ ತಿಳಿಯುವಂತೆ ಸರಳ ಗದ್ಯಕ್ಕೆ ಇಳಿಸಿದ ಹಳೆಯ ಪುಸ್ತಕವೊಂದು ನನ್ನ ಕಪಾಟಿನಲ್ಲಿತ್ತು. ಅದನ್ನು ಬರೆದ ಹಿರಿಯರು 1979ರಲ್ಲಿ ತೀರಿಕೊಂಡರು. ಪ್ರಕಟಿಸಿದ್ದು ನಮ್ಮದೇ ಸಮಾಜದ ಒಂದು ಸಂಸ್ಥೆ. ಪ್ರತಿಗಳು ಮುಗಿದು ದಶಕಗಳೇ ಕಳೆದಿವೆ. ನನ್ನ ಪ್ರತಿಯ ಹಾಳೆಗಳು ಮುಟ್ಟಿದರೆ ಮುರಿಯುವಂತಾಗಿದ್ದವು.

ತಿರುವಲ್ಲಿಕ್ಕೇಣಿಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಅಷ್ಟೂ ಪುಟಗಳನ್ನು ಸ್ಕ್ಯಾನ್ ಮಾಡಿಸಿದೆ. ಮೊಮ್ಮಗಳೊಬ್ಬಳಿಗೆ ಮಾತ್ರ ಏಕೆ, ಅವಳಂತಹ ಎಲ್ಲ ಮಕ್ಕಳಿಗೂ ಸಿಗುವಂತೆ ಅಂತರಜಾಲದಲ್ಲಿ ಇಡಬಹುದಲ್ಲ ಎನ್ನಿಸಿ ಆ ಸಂಸ್ಥೆಗೆ ಪತ್ರ ಬರೆದೆ. ಎಂಟು ತಿಂಗಳ ಬಳಿಕ ಉತ್ತರ ಬಂತು: ಹಕ್ಕು ಸಂಸ್ಥೆಯದು, ಅನುಮತಿ ಇಲ್ಲ, ಮರುಮುದ್ರಣದ ಯೋಚನೆ ಸದ್ಯಕ್ಕಿಲ್ಲ. ಮೂರು ಸಾಲುಗಳ ಪತ್ರ. ಅದರ ತಲೆಯ ಮೇಲೆ ‘ಶಾಸ್ತ್ರದಾನವೇ ಶ್ರೇಷ್ಠ ದಾನ’ ಎಂಬ ಮುದ್ರಿತ ಘೋಷಣೆ.

ಕಾಪಿರೈಟ್ ಎಂದು ನಾವೆಲ್ಲ ಕರೆಯುವ ಕೃತಿಸ್ವಾಮ್ಯದ ವಿಷಯವಾಗಿ ನಾನು ಓದತೊಡಗಿದ್ದು ಆ ಪತ್ರದ ದೆಸೆಯಿಂದ. ಓದತೊಡಗಿದಾಗ ತಿಳಿದದ್ದೇನೆಂದರೆ, ನಾನು ಮೂವತ್ತು ವರ್ಷಗಳಿಂದ ವಾಸವಾಗಿರುವ ಈ ಚೆನ್ನೈ ಪಟ್ಟಣವೇ ಆ ವಿಷಯದಲ್ಲಿ ದೇಶಕ್ಕೆ ಒಂದು ದೊಡ್ಡ ಪಾಠಶಾಲೆ.

ಇಲ್ಲಿ ಯಾರೊಡನೆ ಕಾಪಿರೈಟ್ ಎಂದರೂ ಮೊದಲು ಬರುವ ಹೆಸರು ಇಳೆಯರಾಜ ಅವರದು. 2017ರಲ್ಲಿ ಅವರು ತಮ್ಮ ಹಾಡುಗಳನ್ನು ಅನುಮತಿಯಿಲ್ಲದೆ ವೇದಿಕೆಯಲ್ಲಿ ಹಾಡಬಾರದೆಂದು ಆತ್ಮೀಯ ಗೆಳೆಯರಾಗಿದ್ದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೇ ವಕೀಲರ ನೋಟಿಸು ಕಳುಹಿಸಿದಾಗ ನಗರ ಎರಡು ಪಾಳಯವಾಯಿತು. 2024ರಲ್ಲಿ ‘ಮಂಜುಮ್ಮೆಲ್ ಬಾಯ್ಸ್’ ಚಿತ್ರದವರಿಗೂ ನೋಟಿಸು ಹೋಯಿತು. ಹಣದಾಸೆ ಎಂದು ಮೂಗು ಮುರಿದವರು ಬಹಳ. ನಾನು ಆ ಸಾಲಿನಲ್ಲಿ ನಿಲ್ಲುವುದಿಲ್ಲ. ಚಿತ್ರರಂಗದಲ್ಲಿ ಕವಿಯೂ ಸಂಗೀತ ನಿರ್ದೇಶಕರೂ ಒಮ್ಮೆ ಸಂಭಾವನೆ ಪಡೆದು ಕೈತೊಳೆದುಕೊಳ್ಳಬೇಕಿತ್ತು. ಹಾಡು ಐವತ್ತು ವರ್ಷ ದುಡಿದರೂ ಅದರ ಫಲ ಧ್ವನಿಮುದ್ರಿಕೆ ಕಂಪನಿಗೆ. 2012ರಲ್ಲಿ ಸಂಸತ್ತು ಕಾಯಿದೆಯನ್ನು ತಿದ್ದಿ, ಚಿತ್ರಗಳಲ್ಲಿ ಬಳಕೆಯಾದ ಸಾಹಿತ್ಯ ಸಂಗೀತಗಳ ಇತರ ಬಗೆಯ ಬಳಕೆಗೆ ಬರುವ ರಾಯಧನದ ಪಾಲನ್ನು ಕರ್ತೃಗಳು ಕಂಪನಿಗೆ ಬಿಟ್ಟುಕೊಡುವಂತೆಯೇ ಇಲ್ಲ ಎಂದು ವಿಧಿಸಿತು. ಬದುಕಿರುವ ಕಲಾವಿದನ ಅನ್ನದ ಪ್ರಶ್ನೆ ಅದು. ಈ ಲೇಖನದಲ್ಲಿ ನಾನು ಹೇಳುವ ಯಾವ ಮಾತೂ ಅವನ ಅನ್ನಕ್ಕೆ ಕೈಹಾಕುವುದಕ್ಕಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇನೆ.

ನನ್ನ ಪ್ರಶ್ನೆ ಬೇರೆ. ಬರೆದವನು ಇಲ್ಲ, ಅವನ ಮಕ್ಕಳಿಗೆ ಅದರಿಂದ ಕಾಸು ಬರುತ್ತಿಲ್ಲ, ಪ್ರಕಾಶಕನು ಮುದ್ರಿಸುತ್ತಿಲ್ಲ, ಓದಬೇಕೆನ್ನುವವನಿಗೆ ಸಿಗುತ್ತಿಲ್ಲ. ಆಗ ಆ ಹಕ್ಕು ಯಾರನ್ನು ಕಾಯುತ್ತಿದೆ?

ಇದೇ ಪ್ರಶ್ನೆಯನ್ನು ಮದರಾಸು 1940ರ ದಶಕದಲ್ಲಿಯೇ ಕೇಳಿತು. ಸುಬ್ರಹ್ಮಣ್ಯ ಭಾರತಿ 1921ರ ಸೆಪ್ಟೆಂಬರಿನಲ್ಲಿ ಇದೇ ತಿರುವಲ್ಲಿಕ್ಕೇಣಿಯಲ್ಲಿ ತೀರಿಕೊಂಡರು. ನಲವತ್ತು ತುಂಬಿರಲಿಲ್ಲ. ಮಡದಿ ಚೆಲ್ಲಮ್ಮಾಳ್ ಅವರಿಗೆ ಉಳಿದದ್ದು ಇಬ್ಬರು ಹೆಣ್ಣುಮಕ್ಕಳು ಮತ್ತು ಹಸ್ತಪ್ರತಿಗಳು. ಕ್ರಮೇಣ ಪುಸ್ತಕ ಮುದ್ರಣದ ಹಕ್ಕು ಕವಿಯ ಮಲಸಹೋದರ ಸಿ. ವಿಶ್ವನಾಥನ್ ಅವರಲ್ಲಿಗೆ ಬಂತು. ಹಾಡುಗಳ ಧ್ವನಿಮುದ್ರಣ ಮತ್ತು ಪ್ರಸಾರದ ಹಕ್ಕು ಬೇರೆಯಾಗಿ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ, ಎ.ವಿ. ಮೆಯ್ಯಪ್ಪ ಚೆಟ್ಟಿಯಾರರ ಎವಿಎಂ ಸಂಸ್ಥೆಯನ್ನು ಸೇರಿತು. 1947ರಲ್ಲಿ ಅವರ ‘ನಾಮ್ ಇರುವರ್’ ಚಿತ್ರದಲ್ಲಿ ಡಿ.ಕೆ. ಪಟ್ಟಮ್ಮಾಳ್ ಅವರ ಕಂಠದಲ್ಲಿ ಭಾರತಿಯ ಹಾಡುಗಳು ನಾಡಿನಾದ್ಯಂತ ಮೊಳಗಿದವು. ಮರುವರ್ಷ ನಾಟಕರಂಗದ ಟಿ.ಕೆ.ಎಸ್. ಸಹೋದರರು ‘ಬಿಲ್ಹಣನ್’ ಚಿತ್ರದಲ್ಲಿ ಭಾರತಿಯ ಒಂದು ಹಾಡನ್ನು ಬಳಸಿದಾಗ ಎವಿಎಂ ತಕರಾರು ತೆಗೆಯಿತು.

ಕಾಯಿದೆಯ ದೃಷ್ಟಿಯಲ್ಲಿ ಎವಿಎಂ ತಪ್ಪು ಮಾಡಿರಲಿಲ್ಲ. ಆದರೆ ಸ್ವಾತಂತ್ರ್ಯದ ಹಾಡನ್ನು ಹಾಡಲು ಸ್ವತಂತ್ರ ದೇಶದಲ್ಲಿ ಒಬ್ಬ ವ್ಯಾಪಾರಿಯ ಅನುಮತಿ ಬೇಕೇ ಎಂಬ ಮಾತು ಜನರ ಎದೆಗೆ ನಾಟಿತು. ‘ಭಾರತಿ ವಿಡುದಲೈ ಕಳಗಂ’, ಅಂದರೆ ಭಾರತಿ ಬಿಡುಗಡೆ ಸಂಘ, ಹುಟ್ಟಿತು. ಗಾಂಧೀವಾದಿಗಳು, ಕಮ್ಯುನಿಸ್ಟರು, ನಾಟಕದವರು, ಪತ್ರಿಕೆಯವರು ಒಟ್ಟಾದರು. 1949ರಲ್ಲಿ ಓಮಂದೂರು ರಾಮಸ್ವಾಮಿ ರೆಡ್ಡಿಯಾರರ ಸರಕಾರ ಆ ಹಕ್ಕುಗಳನ್ನು ತನ್ನದಾಗಿಸಿಕೊಂಡಿತು. ಮೆಯ್ಯಪ್ಪ ಚೆಟ್ಟಿಯಾರರು ಹಣ ಪಡೆಯದೆ ಬಿಟ್ಟುಕೊಟ್ಟರು. ಕವಿಯ ಮಡದಿಗೂ ಮಕ್ಕಳಿಗೂ ಸರಕಾರ ಹಣ ನೀಡಿತು. 1955ರಲ್ಲಿ ಭಾರತಿಯ ಕೃತಿಗಳನ್ನು ಯಾರು ಬೇಕಾದರೂ ಮುದ್ರಿಸಬಹುದು, ಹಾಡಬಹುದು ಎಂದು ಘೋಷಣೆಯಾಯಿತು. ಅಂದಿನ ಕಾಯಿದೆಯಂತೆ ಆ ಹಕ್ಕು 1971ರವರೆಗೆ ಇರುತ್ತಿತ್ತು. ಇತಿಹಾಸಕಾರ ಎ.ಆರ್. ವೆಂಕಟಾಚಲಪತಿಯವರು 2018ರಲ್ಲಿ ಪ್ರಕಟವಾದ ‘ಹೂ ಓನ್ಸ್ ದಟ್ ಸಾಂಗ್?’ ಎಂಬ ಪುಸ್ತಕದಲ್ಲಿ ಈ ಕಥೆಯನ್ನು ದಾಖಲೆಗಳ ಸಮೇತ ಬರೆದಿದ್ದಾರೆ. ಆಸಕ್ತರು ಅಗತ್ಯವಾಗಿ ಓದಬೇಕು.

ಕನ್ನಡಿಗರಿಗೆ ಈ ಕಥೆಯಲ್ಲಿ ಒಂದು ಚುಚ್ಚು ಇದೆ. ದಕ್ಷಿಣ ಕನ್ನಡವೂ ಆಗ ಇದೇ ಮದರಾಸು ಸರಕಾರದ ಆಡಳಿತದಲ್ಲಿತ್ತು. ನಮ್ಮ ಮೂಡುಬಿದಿರೆ, ಕಾರ್ಕಳ, ವೇಣೂರುಗಳಿಗೆ ಆಜ್ಞೆ ಹೋಗುತ್ತಿದ್ದುದು ಇಲ್ಲಿನ ಸೇಂಟ್ ಜಾರ್ಜ್ ಕೋಟೆಯಿಂದ. ಅದೇ 1949ರಲ್ಲಿ ಅದೇ ಸರಕಾರ ಮಂಜೇಶ್ವರದ ಗೋವಿಂದ ಪೈಗಳನ್ನು ರಾಷ್ಟ್ರಕವಿ ಎಂದು ಗೌರವಿಸಿತು. ತಮಿಳು ಕವಿಗೆ ಬಿಡುಗಡೆ, ಕನ್ನಡ ಕವಿಗೆ ಬಿರುದು! ಪೈಗಳು ಆಗ ಬದುಕಿದ್ದರು, ಹೋಲಿಕೆ ಪೂರ್ತಿ ನ್ಯಾಯವಲ್ಲ ಎಂದು ನನಗೂ ಗೊತ್ತು. ಆದರೂ ಆ ಬಳಿಕದ ಎಪ್ಪತ್ತೈದು ವರ್ಷಗಳಲ್ಲಿ ನಾವು ಕೊಟ್ಟದ್ದು ಹೆಚ್ಚಾಗಿ ಬಿರುದುಗಳನ್ನೇ. ಜೈನ ಶಾಸನ, ಸಾಹಿತ್ಯ, ಕಾಲನಿರ್ಣಯಗಳ ಮೇಲೆ ಅಷ್ಟೊಂದು ದುಡಿದ ಪೈಗಳು 1963ರಲ್ಲಿ ತೀರಿಕೊಂಡರು. ಅವರ ಬರಹಗಳು ಕಾಯಿದೆಯ ಅವಧಿ ಮುಗಿದು ತಾವಾಗಿ ಸಾರ್ವಜನಿಕವಾದದ್ದು 2024ರ ಜನವರಿ 1ರಂದು.

ತಮಿಳುನಾಡು ಮಾತ್ರ ಭಾರತಿಯೊಂದಿಗೆ ನಿಲ್ಲಲಿಲ್ಲ. ಭಾರತಿದಾಸನ್, ಕಲ್ಕಿ ಮುಂತಾದ ನೂರಕ್ಕೂ ಹೆಚ್ಚು ಲೇಖಕರ ಕೃತಿಗಳನ್ನು ಸರಕಾರ ವಾರಸುದಾರರಿಗೆ ಒಂದು ಮೊತ್ತ ಕೊಟ್ಟು ಸಾರ್ವಜನಿಕಗೊಳಿಸಿದೆ. ‘ನಾಟ್ಟುಡೈಮೈ’ ಎಂದು ಅವರು ಅದನ್ನು ಕರೆಯುತ್ತಾರೆ, ನಾಡಿನ ಒಡೆತನ ಎಂದು ಅರ್ಥ. ಚೆನ್ನೈಯಲ್ಲೇ ಇರುವ ತಮಿಳು ಇಣೈಯ ಕಲ್ವಿಕ್ ಕಳಗದ ಅಂತರಜಾಲ ಗ್ರಂಥಾಲಯದಲ್ಲಿ ಅವು ಉಚಿತವಾಗಿ ಸಿಗುತ್ತವೆ. ಟೊರಾಂಟೋದ ತಮಿಳು ಹುಡುಗಿ ಕಲ್ಕಿಯ ‘ಪೊನ್ನಿಯಿನ್ ಸೆಲ್ವನ್’ ಓದಬೇಕೆಂದರೆ ಅಜ್ಜನಿಗೆ ದೂರವಾಣಿ ಮಾಡಬೇಕಿಲ್ಲ.

ದೋಷಗಳಿಲ್ಲವೆಂದಲ್ಲ. ಯಾರನ್ನು ಆರಿಸಬೇಕೆಂಬುದರಲ್ಲಿ ಪಕ್ಷರಾಜಕಾರಣ ನುಸುಳಿದೆ. ಅಣ್ಣಾದುರೈ, ಕರುಣಾನಿಧಿ ಇಬ್ಬರೂ ಪಟ್ಟಿಯಲ್ಲಿದ್ದಾರೆ. 2009ರಲ್ಲಿ ಸರಕಾರ ಹೆಸರಿಸಿದಾಗ ಸುಂದರ ರಾಮಸ್ವಾಮಿ, ಕಣ್ಣದಾಸನ್ ಅವರ ಕುಟುಂಬಗಳು ಬೇಡವೆಂದವು. ಪುಸ್ತಕ ಚೆನ್ನಾಗಿ ಮಾರಾಟವಾಗುತ್ತಿರುವಾಗ, ಮಕ್ಕಳು ಅದನ್ನು ಶ್ರದ್ಧೆಯಿಂದ ಪ್ರಕಟಿಸುತ್ತಿರುವಾಗ ಸರಕಾರ ಏಕೆ ಕೈಹಾಕಬೇಕು ಎಂಬ ಅವರ ಆಕ್ಷೇಪದಲ್ಲಿ ಹುರುಳಿದೆ. ಹಕ್ಕು ಬಿಡುಗಡೆಯಾದ ಕೂಡಲೇ ಅಗ್ಗದ ಪ್ರಕಾಶಕರು ಅಚ್ಚಿನ ತಪ್ಪುಗಳ ರಾಶಿಯನ್ನು ಪುಸ್ತಕವೆಂದು ಮಾರಿದ್ದೂ ಉಂಟು. ತಿರುವಲ್ಲಿಕ್ಕೇಣಿಯ ಪಾದಚಾರಿ ಅಂಗಡಿಯಲ್ಲಿ ಕೊಂಡ ಭಾರತಿಯ ಕವನಸಂಗ್ರಹವೊಂದನ್ನು ನನ್ನ ತಮಿಳು ಸ್ನೇಹಿತರಿಗೆ ತೋರಿಸಿದಾಗ ಅವರು ಮೊದಲ ಪುಟದಲ್ಲೇ ಪೆನ್ಸಿಲು ಹಿಡಿದರು.

ಭಾರತಿಯ ವಿಷಯದಲ್ಲಿ ಮದರಾಸು ಬಾಗಿಲು ತೆರೆಯಿತು. ರವೀಂದ್ರರ ವಿಷಯದಲ್ಲಿ ದೆಹಲಿ ಬಾಗಿಲು ಮುಚ್ಚಿತು. ರವೀಂದ್ರನಾಥ ಠಾಕೂರರು 1941ರಲ್ಲಿ ತೀರಿಕೊಂಡವರು. ಅವರ ಕೃತಿಗಳ ಮೇಲೆ ವಿಶ್ವಭಾರತಿಗಿದ್ದ ಹಕ್ಕು 1991ರ ಕೊನೆಗೆ ಮುಗಿಯುವುದರಲ್ಲಿತ್ತು. ಆ ಹೊತ್ತಿಗೆ ಸರಕಾರ ಸುಗ್ರೀವಾಜ್ಞೆ ಹೊರಡಿಸಿ, ಲೇಖಕನ ಮರಣಾನಂತರದ ಐವತ್ತು ವರ್ಷಗಳ ಅವಧಿಯನ್ನು ಅರವತ್ತಕ್ಕೆ ಏರಿಸಿತು. ಒಬ್ಬ ಕವಿಯ ನಿಮಿತ್ತ ಭಾರತದ ಎಲ್ಲ ಭಾಷೆಗಳ ಎಲ್ಲ ಲೇಖಕರ ಪುಸ್ತಕಗಳೂ ಇನ್ನೂ ಹತ್ತು ವರ್ಷ ಬೀಗದೊಳಗೆ ಉಳಿದವು. ಇದರ ಪೆಟ್ಟು ಎಲ್ಲಿ ಬಿತ್ತೆಂದು ನೋಡಿ. ನಮ್ಮ ಶೇಡಬಾಳದ ಕಾದಂಬರಿಕಾರ ಮಿರ್ಜಿ ಅಣ್ಣಾರಾಯರು, ಸದಲಗಾದಲ್ಲಿ ಹುಟ್ಟಿ ಜಗತ್ತೇ ಮೆಚ್ಚುವ ಪ್ರಾಕೃತ ವಿದ್ವಾಂಸರಾದ ಆ.ನೇ. ಉಪಾಧ್ಯೆಯವರು, ಮತ್ತು ಡಿ.ವಿ. ಗುಂಡಪ್ಪನವರು ಮೂವರೂ ಅಗಲಿದ್ದು 1975ರಲ್ಲಿ. ಹಳೆಯ ಅವಧಿಯೇ ಇದ್ದಿದ್ದರೆ ಅವರ ಬರಹಗಳು 2026ರ ಜನವರಿ 1ರಂದು ಸಾರ್ವಜನಿಕವಾಗುತ್ತಿದ್ದವು. ಈಗ 2036ರವರೆಗೆ ಕಾಯಬೇಕು. ಹತ್ತು ವರ್ಷ ಎಂದರೆ, ಹೊರನಾಡಿನ ಕುಟುಂಬವೊಂದರಲ್ಲಿ ಕನ್ನಡ ಓದಬಲ್ಲ ಒಂದು ಮಗುವಿನ ಬಾಲ್ಯವೇ ಕಳೆದುಹೋಗುವಷ್ಟು ಕಾಲ.

ಕರ್ನಾಟಕ ಸರಕಾರ ತಮಿಳುನಾಡಿನ ದಾರಿಯನ್ನು ಅನುಸರಿಸಬೇಕು, ಆದರೆ ತಲೆಕೆಳಗಾಗಿ ಅನುಸರಿಸಬೇಕು ಎಂಬುದು ನನ್ನ ಅಭಿಪ್ರಾಯ. ಹೆಸರಾಂತರಿಂದ ಆರಂಭಿಸುವುದು ಬೇಡ. ಕುವೆಂಪು, ಬೇಂದ್ರೆ, ಕಾರಂತರ ಪುಸ್ತಕಗಳು ಅಂಗಡಿಯಲ್ಲಿ ಸಿಗುತ್ತಿವೆ, ಅವುಗಳ ರಾಯಧನ ಸಲ್ಲಬೇಕಾದವರಿಗೆ ಸಲ್ಲಲಿ. ಇಪ್ಪತ್ತೈದು ವರ್ಷಗಳಿಂದ ಅಚ್ಚಿನಲ್ಲಿಲ್ಲದ ಪುಸ್ತಕಗಳ ಲೇಖಕರಿಂದ ಆರಂಭವಾಗಲಿ. ಅವರ ವಾರಸುದಾರರನ್ನು ಹುಡುಕಿ, ಒಪ್ಪಿಗೆ ಕೇಳಿ, ಮರ್ಯಾದೆಯ ಮೊತ್ತ ಕೊಟ್ಟು, ತಿದ್ದಿದ ಶುದ್ಧ ಪಠ್ಯವನ್ನು ಅಂತರಜಾಲದಲ್ಲಿ ಇಡಲಿ. ಆಯ್ಕೆಯನ್ನು ಮಂತ್ರಿಮಂಡಲಕ್ಕೆ ಬಿಡಬಾರದು. ಇದು ಕನಸಿನ ಮಾತಲ್ಲ: 2014ರಲ್ಲಿ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು, ಅದೇ ವರ್ಷ ನಿರಂಜನರ ಕೃತಿಗಳನ್ನು ಅವರ ಮಗಳು ತೇಜಸ್ವಿನಿ ನಿರಂಜನ ಅವರು ಹಾಗೆಯೇ ಮುಕ್ತಗೊಳಿಸಿದರು. ಯಾರ ಆಸ್ತಿಯೂ ಕರಗಲಿಲ್ಲ.

ಸರಕಾರಕ್ಕೆ ಹೇಳುವುದು ಸುಲಭ. ನಮ್ಮ ಮನೆಯ ಕಡೆಗೂ ತಿರುಗೋಣ.

ಬೀಗದ ವಿಷಯದಲ್ಲಿ ನಮ್ಮ ಸಮಾಜದ ಅನುಭವ ಯಾವ ಕಾಪಿರೈಟ್ ಕಾಯಿದೆಗಿಂತಲೂ ಹಳೆಯದು. ಮೂಡುಬಿದಿರೆಯ ಸಿದ್ಧಾಂತ ಬಸದಿಯ ಧವಲ, ಜಯಧವಲ, ಮಹಾಧವಲ ತಾಡವಾಲೆಗಳು ಶತಮಾನಗಳ ಕಾಲ ದರ್ಶನಕ್ಕಷ್ಟೇ ಇದ್ದವು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ಭಕ್ತರು ಕೈಮುಗಿಯುತ್ತಿದ್ದರು, ಓದುತ್ತಿರಲಿಲ್ಲ. ಮುಂಬಯಿಯ ಶೇಠ್ ಮಾಣಿಕಚಂದರು, ಸೊಲ್ಲಾಪುರದ ಹೀರಾಚಂದ ನೇಮಚಂದರು ವರ್ಷಗಟ್ಟಲೆ ಪ್ರಯತ್ನಿಸಿದ ಮೇಲೆ 1896ರಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು, ಮೀರಜದ ಗಜಪತಿ ಉಪಾಧ್ಯಾಯರು ಕುಳಿತು ಬರೆದರು. ಎಲ್ಲವೂ ಮುಗಿಯುವಾಗ 1922. ಆದರೆ ಆ ಪ್ರತಿಗಳೂ ಬಸದಿಯ ಹೊರಗೆ ಹೋಗುವಂತಿರಲಿಲ್ಲ! ಓಲೆಗೆ ಹಾಕಿದ್ದ ಬೀಗವನ್ನೇ ಕಾಗದಕ್ಕೂ ಹಾಕಿದರು.

ಹೊರಗೆ ಬಂದದ್ದು ಗುಟ್ಟಿನಲ್ಲಿ. ಗಜಪತಿ ಉಪಾಧ್ಯಾಯರು ಹಗಲು ಬಸದಿಗಾಗಿ ಬರೆಯುತ್ತ, ಮನೆಯಲ್ಲಿ ಮಡದಿ ಲಕ್ಷ್ಮೀಬಾಯಿಯವರ ನೆರವಿನಿಂದ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಕೊಂಡರು. ಅದು ಸಹಾರನಪುರ ಸೇರಿತು. ಅಲ್ಲಿ ಅದನ್ನು ನಾಗರಿಗೆ ಇಳಿಸುವಾಗ ಮತ್ತೊಬ್ಬ ಪಂಡಿತರು ತಮಗೊಂದು ಪ್ರತಿ ಉಳಿಸಿಕೊಂಡರು. ಅದರಿಂದ ಊರೂರಿಗೆ ಪ್ರತಿಗಳು ಹಬ್ಬಿದವು. ಅಂತಹ ಪ್ರತಿಗಳನ್ನು ಆಧರಿಸಿ ಪ್ರೊ. ಹೀರಾಲಾಲ್ ಜೈನರು 1939ರಲ್ಲಿ ಅಮರಾವತಿಯಿಂದ ಷಟ್ಖಂಡಾಗಮದ ಮೊದಲ ಸಂಪುಟವನ್ನು ಹೊರತಂದರು. ಹದಿನಾರನೆಯದು ಬಂದದ್ದು 1958ರಲ್ಲಿ. ಉಪಾಧ್ಯೆಯವರೂ ಆ ಮಹಾಕಾರ್ಯಕ್ಕೆ ಹೆಗಲು ಕೊಟ್ಟವರು. ಮೂಡುಬಿದಿರೆಯವರೂ ಮುಂದೆ ಮನಸ್ಸು ತೆರೆದು ಮೂಲ ಓಲೆಗಳೊಡನೆ ತಾಳೆ ನೋಡಲು ಸಹಕರಿಸಿದರೆಂಬುದನ್ನು ಕೃತಜ್ಞತೆಯಿಂದ ಹೇಳಬೇಕು. ಗಜಪತಿ ಉಪಾಧ್ಯಾಯರು ಮಾಡಿದ್ದು ಅಚೌರ್ಯ ವ್ರತಕ್ಕೆ ಭಂಗವೇ? ಮಾಣಿಕಚಂದ, ಹೀರಾಚಂದರಿಬ್ಬರೂ ಹಾಗೆಂದೇ ತಿಳಿದು ಆ ಪ್ರತಿಯನ್ನು ಕೊಳ್ಳಲು ಒಪ್ಪಲಿಲ್ಲ. ಅವರ ನಿಷ್ಠೆಗೆ ತಲೆಬಾಗುತ್ತೇನೆ. ಆದರೆ ಇಂದು ನಾವು ಧವಲಾ ಟೀಕೆಯನ್ನು ಓದುತ್ತಿರುವುದು ಲಕ್ಷ್ಮೀಬಾಯಿಯವರ ರಾತ್ರಿಗಳ ಶ್ರಮದಿಂದ ಎಂಬುದನ್ನೂ ಮರೆಯಲಾರೆ.

ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಯ ಹೆಸರಿಲ್ಲದೆ ನಮ್ಮಲ್ಲಿ ಒಂದು ಸಭೆ ಆರಂಭವಾಗುವುದಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನವನ್ನು ಬಾಲಬೋಧೆಯಲ್ಲೇ ಕಲಿಸುತ್ತೇವೆ. ಅದೇ ಸಭೆಯಲ್ಲಿ ಬಿಡುಗಡೆಯಾಗುವ, ದಾನಿಗಳ ಹಣದಿಂದಲೇ ಅಚ್ಚಾದ ಗ್ರಂಥದ ಎರಡನೆಯ ಪುಟ ತೆರೆದರೆ ‘ಎಲ್ಲ ಹಕ್ಕುಗಳನ್ನು ಕಾದಿರಿಸಿದೆ’ ಎಂದಿರುತ್ತದೆ. ಅತ್ತಿಮಬ್ಬೆ ಇದನ್ನು ನೋಡಿದ್ದರೆ ಏನೆನ್ನುತ್ತಿದ್ದಳೋ!

ಆ ಸಾಲಿಗೆ ಎಷ್ಟು ಬಲವಿದೆ? ಪಂಪ, ರನ್ನ, ರತ್ನಾಕರರ ಮೂಲ ಪದ್ಯಗಳ ಮೇಲೆ ಯಾರಿಗೂ ಕೃತಿಸ್ವಾಮ್ಯವಿಲ್ಲ. ಸಂಪಾದಕರ ಪೀಠಿಕೆ, ಅನುವಾದ, ಟಿಪ್ಪಣಿಗಳಿಗೆ ಇದೆ. ಬರಿಯ ಶ್ರಮದಿಂದ ಸ್ವಾಮ್ಯ ಹುಟ್ಟದು, ಸ್ವಲ್ಪವಾದರೂ ಸ್ವಂತ ಸೃಷ್ಟಿ ಬೇಕು ಎಂದು ಈಸ್ಟರ್ನ್ ಬುಕ್ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2007ರ ಡಿಸೆಂಬರಿನಲ್ಲಿ ಹೇಳಿದೆ. ಎರಡನೆಯದು, ಲೇಖಕನು ಲಿಖಿತವಾಗಿ, ಸಹಿ ಮಾಡಿ ವರ್ಗಾಯಿಸದ ಹೊರತು ಹಕ್ಕು ಪ್ರಕಾಶಕರಿಗೆ ಹೋಗುವುದಿಲ್ಲ. 1957ರ ಕಾಯಿದೆಯ ಹತ್ತೊಂಬತ್ತನೆಯ ಪ್ರಕರಣ ಇದನ್ನು ನೇರವಾಗಿ ಹೇಳುತ್ತದೆ. 1994ರ ತಿದ್ದುಪಡಿ ಜಾರಿಗೆ ಬಂದ ಮೇಲಿನ ಕರಾರಾದರೆ, ಅವಧಿ ನಮೂದಿಸದಿದ್ದಲ್ಲಿ ಐದೇ ವರ್ಷ. ನಮ್ಮ ಹಿರಿಯ ಪಂಡಿತರಲ್ಲಿ ಎಷ್ಟು ಮಂದಿ ಕರಾರುಪತ್ರಕ್ಕೆ ಸಹಿ ಮಾಡಿದ್ದರು? ಒಂದು ಶಾಲು, ಒಂದು ಫಲತಾಂಬೂಲ, ಇಪ್ಪತ್ತೈದು ಗೌರವ ಪ್ರತಿ. ಅಲ್ಲಿಗೆ ವ್ಯವಹಾರ ಮುಗಿಯುತ್ತಿತ್ತು. ಹಾಗಾದರೆ ಹಕ್ಕು ಈಗಲೂ ಅವರ ಮಕ್ಕಳು, ಮೊಮ್ಮಕ್ಕಳಲ್ಲಿದೆ. ಆ ವಾರಸುದಾರರಿಗೇ ಇದು ತಿಳಿಯದು.

ಗ್ರಂಥಗಳು ಮೊಬೈಲಿಗೆ ಬಂದರೆ ಅವಿನಯವಾಗುತ್ತದೆ, ಯಾರೆಲ್ಲಿ ಹೇಗೆ ತೆರೆಯುವರೋ ಎಂಬ ಆಕ್ಷೇಪವನ್ನು ಪೂಜ್ಯರ ಬಾಯಿಂದಲೇ ಕೇಳಿದ್ದೇನೆ. ಜಿನವಾಣಿಯನ್ನು ಮುದ್ರಣಯಂತ್ರಕ್ಕೆ ಹಾಕಬಾರದೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ಮಾತನ್ನು ಇದಕ್ಕಿಂತ ಗಟ್ಟಿಯಾಗಿ ಹೇಳಿದ್ದರು. ಮುದ್ರಿತ ಗ್ರಂಥಗಳೇ ಇಂದು ನಮ್ಮ ಸ್ವಾಧ್ಯಾಯ ಪೀಠದ ಮೇಲಿವೆ. ಮುಕ್ತಗೊಳಿಸಿದರೆ ಪ್ರಕಾಶನದ ಖರ್ಚು ಹುಟ್ಟುವುದೆಲ್ಲಿಂದ ಎಂಬ ಪ್ರಶ್ನೆ ಇದಕ್ಕಿಂತ ತೂಕದ್ದು. ಮಾರಾಟದಲ್ಲಿರುವ ಪುಸ್ತಕಕ್ಕೆ ಐದು ವರ್ಷ ಕಾಲಾವಕಾಶವಿರಲಿ, ಪ್ರತಿ ಮುಗಿದ ಮೇಲೆ ತೆರೆದಿಡಲಿ. ಯಾವ ಸಂಸ್ಥೆಯೂ ಇದರಿಂದ ಮುಳುಗದು.

ಹೊರನಾಡಿನ ಬಾಂಧವರ ಕೈಯಲ್ಲಿ ಒಂದು ಶಕ್ತಿಯಿದೆ. ಪುಣೆಯಿಂದ, ದುಬೈಯಿಂದ, ಅಮೆರಿಕದಿಂದ ಗ್ರಂಥಪ್ರಕಾಶನಕ್ಕೆ ಹಣ ಕಳುಹಿಸುವವರು ನೀವು. ನಿಮ್ಮ ಹೆಸರು ದಾನಿಗಳ ಪಟ್ಟಿಯಲ್ಲಿ ಎಷ್ಟನೆಯದೆಂದು ನೋಡುವಾಗ ಎರಡನೆಯ ಪುಟವನ್ನೂ ನೋಡಿ. ‘ಪ್ರತಿ ಮುಗಿದ ಮೇಲೆ ಯಾರು ಬೇಕಾದರೂ ನಕಲು ಮಾಡಬಹುದು’ ಎಂಬ ಒಂದು ಸಾಲು ಅಲ್ಲಿದ್ದರೆ ಮಾತ್ರ ಹಣ ಕೊಡುತ್ತೇವೆಂದು ಬರೆಯಿರಿ. ಬದುಕಿರುವ ಲೇಖಕರು ಬಯಸಿದಲ್ಲಿ ತಮ್ಮ ಹಕ್ಕನ್ನು ಬಹಿರಂಗ ಪ್ರಕಟಣೆಯ ಮೂಲಕ ಬಿಟ್ಟುಕೊಡಲು ಇಪ್ಪತ್ತೊಂದನೆಯ ಪ್ರಕರಣದಲ್ಲಿ ದಾರಿಯಿದೆ. ವಾರಸುದಾರರು ಲಿಖಿತ ಪರವಾನಗಿಯಿಂದ ಮುಕ್ತಗೊಳಿಸಬಹುದು.

ನನ್ನ ಪುಸ್ತಕದ ಕಥೆ ಎಲ್ಲಿಗೆ ಬಂತೆಂದರೆ, ಲೇಖಕರ ಮಗಳನ್ನು ಪತ್ತೆ ಮಾಡಿದೆ. ಎಂಬತ್ತರ ಹತ್ತಿರದ ತಾಯಿ. ತಂದೆಯವರು ಯಾವ ಕಾಗದಕ್ಕೂ ಸಹಿ ಮಾಡಿರಲಿಲ್ಲವೆಂದು ನೆನಪಿಸಿಕೊಂಡರು. ಪರವಾನಗಿ ಪತ್ರಕ್ಕೆ ಅವರೂ ಅವರ ತಂಗಿಯೂ ಸಂತೋಷದಿಂದ ಸಹಿ ಹಾಕಿದ್ದಾರೆ. ತೀರಿಹೋದ ಅಣ್ಣನ ಮಗನೊಬ್ಬ ಮೂರನೆಯ ವಾರಸುದಾರ. ಮೆಲ್ಬರ್ನ್‌ನಲ್ಲಿದ್ದಾನೆಂದಷ್ಟೇ ಗೊತ್ತು, ಮನೆಯವರೊಡನೆ ಸಂಪರ್ಕವಿಲ್ಲ. ಅವನ ಸಹಿ ಇಲ್ಲದೆ ಪುಸ್ತಕವನ್ನು ತೆರೆದಿಡಲು ನನ್ನ ಮನಸ್ಸು ಒಪ್ಪದು. ಕಾಯಿದೆಯ ಗಡಿಯಾರಕ್ಕೆ ಬಿಟ್ಟರೆ ಅದು ಸಾರ್ವಜನಿಕವಾಗುವುದು 2040ರ ಜನವರಿ 1ರಂದು. ಅಷ್ಟರಲ್ಲಿ ನನ್ನ ಮೊಮ್ಮಗಳು ಕಾಲೇಜನ್ನೂ ಮುಗಿಸಿರುತ್ತಾಳೆ. ಮೆಲ್ಬರ್ನ್‌ನ ಕನ್ನಡ ಜೈನ ಕುಟುಂಬಗಳಲ್ಲಿ ಯಾರಿಗಾದರೂ, ತಾತ ಭರತೇಶನ ಕಥೆ ಬರೆದಿದ್ದರೆಂದು ಹೇಳಿಕೊಳ್ಳುವ ಒಬ್ಬ ಗೆಳೆಯನಿದ್ದರೆ, ದಯಮಾಡಿ ಈ ಪತ್ರಿಕೆಯ ಸಂಪಾದಕರಿಗೆ ಒಂದು ಸಾಲು ಬರೆಯಿರಿ.